ಕಲಾದಗಿ ಸೀಮೆಯ ಮಾನಸಿಕ ಚಿಕಿತ್ಸೆ
ಕಲಾದಗಿ ಬ್ರಿಟಿಷರ ಜಿಲ್ಲಾ ಕೇಂದ್ರವಾಗಿದ್ದಾಗ ಈ ಸೀಮೆಯವರಿಗಿದ್ದ ಹುಚ್ಚಾಸ್ಪತ್ರೆ ಧಾರವಾಡದ್ದು, ಶುರುವಾದದ್ದು 1845ರಲ್ಲಿ. 1858ರ ಕಾಯ್ದೆಯ ಪ್ರಕಾರ ಬೀದಿ ಅಲೆಯುವ ರೋಗಿಯನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ವೈದ್ಯರ ಸರ್ಟಿಫಿಕೇಟು, ಸಾಹೇಬರ ಹುಕುಂ, ಆಮೇಲೆ ಬೀಗ. ಚಿಕಿತ್ಸೆಗಿಂತ ಕಾವಲೇ ಹೆಚ್ಚೆನ್ನಬೇಕು.

ಚಿಕಿತ್ಸೆ ಊರಿಗೆ ಬಂದದ್ದು ಬಹಳ ತಡವಾಗಿ.

1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸಿನ ತಂಡ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟಿತು. ಗುಳಿಗೆ, ಸಲಹೆ ಎರಡೂ ರೋಗಿಯ ಊರ ಹತ್ತಿರವೇ ಸಿಕ್ಕವು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹೆಂಗಸರ ಸರದಿ ಇನ್ನೂ ತಡ: ಬಾಣಂತಿಯನ್ನು ಕೂಸಿನ ಸಮೇತ ಸೇರಿಸಿಕೊಳ್ಳುವ ವಾರ್ಡು ನಿಮ್ಹಾನ್ಸಿನಲ್ಲಿ ತೆರೆದದ್ದು 2009ರಲ್ಲಿ.

2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಸಹಾಯವಾಣಿ ಬಂತು. ಈ ಸೀಮೆಯ ಇಳಕಲ್ಲಿನ ನೇಕಾರ ಹೆಂಗಸು, ಬಾಗಲಕೋಟೆಯ ಬ್ಯಾಂಕ್ ನೌಕರ ಇಬ್ಬರೂ 14416ಕ್ಕೆ ಪುಕ್ಕಟೆ ಕರೆ ಮಾಡಿ, ಕನ್ನಡದಲ್ಲೇ ಸಮಾಲೋಚಕರ ಜೊತೆ ಮಾತಾಡಬಹುದು.