ದುಂಬಿಯ ಕುಣಿತ

ಮದುವೆ ಗೊತ್ತಾದ ವಾರವೇ ಅಮ್ಮ ನನ್ನ ಗೆಜ್ಜೆಯನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದಳು. ಗಂಡಿನ ಮನೆಯವರು ಬೇಡ ಎಂದಿರಲಿಲ್ಲ; ಯಾರೂ ಕೇಳಲೇ ಇಲ್ಲ. ಅದಕ್ಕೇ ಇರಬೇಕು, ಬಾಲಿ ದ್ವೀಪದಲ್ಲಿ ಲೆಗೊಂಗ್ ಕುಣಿಯುವ ಹುಡುಗಿಯರೂ ಮೈನೆರೆಯುವ ಹೊತ್ತಿಗೆ ಕುಣಿತ ಬಿಡುವುದು ಹಿಂದಿನ ರೂಢಿ ಎಂದು ಓದಿದಾಗ ಪುಸ್ತಕ ಕೆಳಗಿಡಲಾಗಲಿಲ್ಲ.

1931ರಲ್ಲಿ ಪ್ಯಾರಿಸ್ಸಿನಲ್ಲಿ ವಸಾಹತುಗಳ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಆಗ ಬಾಲಿಯನ್ನು ಆಳುತ್ತಿದ್ದ ಡಚ್ಚರ ಮಳಿಗೆಗೆ ಪೆಲಿಯಾತಾನ್ ಎಂಬ ಊರಿನ ಕಲಾವಿದರು ಬಂದರು. ನೋಡಿದವರಲ್ಲಿ ಆಂತೊನಿನ್ ಆರ್ತೊ ಎಂಬ ಫ್ರೆಂಚ್ ನಟನೂ ಒಬ್ಬ. ಬರೀ ಮಾತಿಗೇ ಜೋತುಬಿದ್ದ ತನ್ನ ನಾಡಿನ ನಾಟಕದಿಂದ ಬೇಸತ್ತವನು. ಕಣ್ಣು, ಕತ್ತು, ಬೆರಳು, ತಾಳಗಳೇ ಮಾತಾಡುವುದನ್ನು ಕಂಡು ಬೆರಗಾದ. ಆ ಬೆರಗು 1938ರಲ್ಲಿ ಬಂದ ಅವನ ‘ರಂಗಭೂಮಿ ಮತ್ತು ಅದರ ಪ್ರತಿರೂಪ’ ಪುಸ್ತಕ ಸೇರಿತು. 1964ರಲ್ಲಿ ಲಂಡನ್ನಿನಲ್ಲಿ ಪೀಟರ್ ಬ್ರೂಕ್ ಅದರ ಜಾಡು ಹಿಡಿದು ಪ್ರಯೋಗಗಳನ್ನೇ ಮಾಡಿದರು.

ಆದರೆ ಆರ್ತೊಗೆ ಬಾಲಿಯ ಭಾಷೆ ಬಾರದು. ಅವನು ಅಲ್ಲಿ ಕಂಡದ್ದು ಲೋಕಾತೀತ ಸಂಕೇತಗಳನ್ನು. ಕುಣಿದ ಮಕ್ಕಳಿಗೋ, ಅದು ಗುರು ಬೆನ್ನಹಿಂದೆ ನಿಂತು, ಮಣಿಕಟ್ಟು ಹಿಡಿದು, ತಿದ್ದಿ ತಿದ್ದಿ ಕಲಿಸಿದ ಪಾಠ. ಅವನ ಬರಹದಲ್ಲಿ ಒಬ್ಬ ಹುಡುಗಿಯ ಹೆಸರೂ ಇಲ್ಲ.

ಹೆಸರು ಸಿಗುವುದು 1952ರಲ್ಲಿ. ಜಾನ್ ಕೋಸ್ಟ್ ಎಂಬ ಇಂಗ್ಲಿಷಿನವನು ಪೆಲಿಯಾತಾನ್ ತಂಡವನ್ನು ಲಂಡನ್, ನ್ಯೂಯಾರ್ಕುಗಳಿಗೆ ಕರೆದೊಯ್ದ. ಪ್ರವಾಸಕ್ಕೆ ಹೊಸದೊಂದು ಬೇಕೆಂದು ಹೆಸರಾಂತ ನರ್ತಕ ಮಾರಿಯೊ ಅವರನ್ನು ಕೇಳಿಕೊಂಡ. ಅವರು ಹೆಣೆದದ್ದು ಹೂದೋಟದ ಎರಡು ದುಂಬಿಗಳ ಒಲುಮೆ, ‘ಓಲೆಗ್ ತಮುಲಿಲಿಂಗನ್’. ಗಂಡು ದುಂಬಿ ಸಂಪಿಹ್. ಹೆಣ್ಣು ದುಂಬಿ ನಿ ಗುಸ್ತಿ ರಾಕಾ, ಇನ್ನೂ ಎಳೆಯ ಹುಡುಗಿ.

ಪರದೇಶದವನ ಕೋರಿಕೆಗೆ ಹುಟ್ಟಿದ ಈ ಕುಣಿತವನ್ನು ಇಂದು ಬಾಲಿಯ ಹೆಣ್ಣುಮಕ್ಕಳು ತಮ್ಮದೆಂದೇ ಕಲಿಯುತ್ತಾರೆ. ಕಲಿಯಲಿ ಬಿಡಿ! ನಮ್ಮ ಸಾರಿನ ಮೆಣಸಿನಕಾಯಿಯೂ ಹಡಗು ಹತ್ತಿ ಬಂದದ್ದೇ ತಾನೆ? ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ರಾಕಾ ಕುಣಿತ ಬಿಡಲಿಲ್ಲ. ದೊಡ್ಡವರಾದರು, ಗುರುವಾದರು, ಪೆಲಿಯಾತಾನ್‌ನ ಹುಡುಗಿಯರ ಮಣಿಕಟ್ಟು ಹಿಡಿದು ತಾವೇ ತಿದ್ದಿದರು.

ಮೊನ್ನೆ ಟ್ರಂಕು ತೆಗೆದೆ. ಗೆಜ್ಜೆ ಕಪ್ಪಿಟ್ಟಿತ್ತು. ಮೊಮ್ಮಗಳು ಕೈಗೆತ್ತಿಕೊಂಡು, “ಅಜ್ಜಿ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳೆಯುತ್ತಾ?” ಎಂದಳು. ಅಡುಗೆಮನೆಯಿಂದ ಹುಣಸೆಹಣ್ಣು ತಾ ಎಂದೆ.