ಮಧ್ಯದ ಮನೆ

ಕಳೆದ ಬೇಸಿಗೆ ರಜೆಯಲ್ಲಿ ಮಂಡ್ಯದ ತವರುಮನೆಯ ಅಟ್ಟ ಗುಡಿಸುವಾಗ ಅಮ್ಮನ ಲೆಕ್ಕದ ಪುಸ್ತಕ ಸಿಕ್ಕಿತು. 1977ನೆಯ ಇಸವಿಯದು. ಪ್ರತಿ ತಿಂಗಳ ಮೊದಲ ಸಾಲು ಒಂದೇ: ‘ಅವರ ಸಂಬಳ 340’. ಅದರ ಕೆಳಗೆ ಅಕ್ಕಿ, ಸೀಮೆಎಣ್ಣೆ, ಹಾಲು, ಬಾಡಿಗೆ. ಜೂನ್ ತಿಂಗಳ ಖರ್ಚು ಕೂಡಿದೆ, 398 ಆಯಿತು. ಮತ್ತೆ ಕೂಡಿದೆ, ಅಷ್ಟೇ. ಸಾಲ ತಂದದ್ದು ಎಲ್ಲಿಯೂ ಬರೆದಿಲ್ಲ. ಹಾಗಾದರೆ ಆ 58 ರೂಪಾಯಿ ಎಲ್ಲಿಂದ ಬಂತು?

“ರವಿಕೆ ಹೊಲೀತಿದ್ದೆನಲ್ಲೇ, ಒಂದಕ್ಕೆ ಎರಡು ರೂಪಾಯಿ” ಎಂದಳು ಅಮ್ಮ.

“ಮತ್ತೆ ಬರೆದೇ ಇಲ್ಲವಲ್ಲ?”

“ಅದೇನು ಸಂಬಳವೇನೇ?”

ನಾನು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದೇನೆ. ದಾದಾಭಾಯಿ ನೌರೋಜಿಯವರ ಪಾಠ ಬಂದಾಗಲೆಲ್ಲ, 1867-68ರಲ್ಲಿ ಭಾರತೀಯನೊಬ್ಬನ ವರ್ಷದ ಆದಾಯ 20 ರೂಪಾಯಿ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಬೆಳೆ, ಉಪ್ಪು, ಗಣಿ, ಕೈಕೆಲಸ ಎಲ್ಲಕ್ಕೂ ಬೆಲೆ ಕಟ್ಟಿ, ಜನಸಂಖ್ಯೆಯಿಂದ ಭಾಗಿಸಿ ಅವರು ತೆಗೆದ ಲೆಕ್ಕ ಅದು. ಸರ್ಕಾರ ಜೈಲಿನ ಕೈದಿಯ ಊಟ ಬಟ್ಟೆಗೆ ಮಾಡುವ ಖರ್ಚು ಇದಕ್ಕಿಂತ ಹೆಚ್ಚೆಂದು ಅವರು ತೋರಿಸಿಕೊಟ್ಟರು. ಆದರೆ ಅದು ಸರಾಸರಿ. ಸರಾಸರಿಯಲ್ಲಿ ಜಮೀನ್ದಾರನ ಬೆಳ್ಳಿ ತಟ್ಟೆಯೂ ಕೂಲಿಯವಳ ಮಣ್ಣಿನ ಮಡಕೆಯೂ ಒಂದೇ ರಾಶಿಯಲ್ಲಿ ಬೀಳುತ್ತವೆ.

ಅಂದು ಮಧ್ಯಾಹ್ನ ಅಮ್ಮನನ್ನು ಕೂರಿಸಿಕೊಂಡು ನಮ್ಮ ಬೀದಿಯ ಏಳು ಮನೆಗಳ ಲೆಕ್ಕ ಹಾಕಿದೆ. ಅವಳಿಗೆ ಯಾರ ಸಂಬಳವೂ ಗೊತ್ತಿರಲಿಲ್ಲ. ಯಾರ ಮನೆಗೆ ಎಷ್ಟು ಹಾಲು ಬರುತ್ತಿತ್ತು, ಯಾರು ಚೀಟಿ ಕಟ್ಟುತ್ತಿದ್ದರು, ಯಾರ ಮನೆಯಲ್ಲಿ ರಾತ್ರಿ ಒಲೆ ಹೊತ್ತುತ್ತಿರಲಿಲ್ಲ ಎಂಬುದೆಲ್ಲ ಗೊತ್ತಿತ್ತು. ಹೂ ಕಟ್ಟುವವಳ ಮನೆ 100, ಕೂಲಿಯವರದು 120, ಕಬ್ಬಿನ ಗಾಡಿಯವನದು 150, ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದವರದು 200, ಹೊಲಿಗೆ ಸೇರಿ ನಮ್ಮದು 400, ಮೇಷ್ಟ್ರದು 430, ಬೆಲ್ಲದ ಮಂಡಿಯವರದು 2100. ಒಟ್ಟು 3500, ಏಳರಿಂದ ಭಾಗಿಸಿದರೆ ಸರಾಸರಿ 500. ಆದರೆ ಏಳರಲ್ಲಿ ಆರು ಮನೆಗಳು ಆ ಸರಾಸರಿಯನ್ನು ಕಂಡೇ ಇರಲಿಲ್ಲ! ಮನೆಗಳನ್ನು ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವುದು ನಾಲ್ಕನೆಯದು. ಅದರ 200 ರೂಪಾಯಿಯೇ ಗಣಿತದವರು ಹೇಳುವ ಮಧ್ಯಾಂಕ. ಮಂಡಿಯವರ ಆದಾಯ ಹತ್ತು ಪಟ್ಟಾದರೂ ಈ ಮಧ್ಯದ ಮನೆ ಕದಲುವುದಿಲ್ಲ. ನಾವು ಬಡವರೆಂದೇ ನಂಬಿ ಬೆಳೆದವಳಿಗೆ, ಆ ಮನೆಗಿಂತ ನಾವು ಮೇಲಿದ್ದೆವೆಂದು ತಿಳಿದು ನಾಚಿಕೆಯಾಯಿತು.

ಸರ್ಕಾರದ ಸಮೀಕ್ಷೆಯದೂ ಅಮ್ಮನ ದಾರಿಯೇ. ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಮನೆಮನೆಗೆ ಹೋಗಿ ಖರ್ಚನ್ನು ಕೇಳುತ್ತಾ ಬಂದಿದೆ. ಆದಾಯ ಕೇಳಿದರೆ ಜನ ಮುಚ್ಚಿಡುತ್ತಾರೆ, ಇಲ್ಲವೆ ಅಮ್ಮನಂತೆ ಅದನ್ನು ಆದಾಯವೆಂದೇ ಎಣಿಸುವುದಿಲ್ಲ.

ವರ್ಷಗಳು ಉರುಳಿದಂತೆ ಈ ಮಧ್ಯದ ಮನೆ ಏನಾಯಿತು? ಬರೀ ರೂಪಾಯಿ ನೋಡಿ ಹೇಳಲಾಗದು. ಪುಸ್ತಕದಲ್ಲಿ ಅಕ್ಕಿ ಕೆ.ಜಿ.ಗೆ ಎರಡು ರೂಪಾಯಿ. ಅಂದರೆ ಆ ಮನೆಯ ಇಡೀ ತಿಂಗಳ ದುಡಿಮೆ 100 ಕೆ.ಜಿ. ಅಕ್ಕಿ. ಅಕ್ಕಿಯೊಂದೇ ಅಳತೆಯಲ್ಲ, ನಿಜ. ಆಗ ಮೊಬೈಲಿನ ಕರೆನ್ಸಿಯೂ ಇರಲಿಲ್ಲ, ಟ್ಯೂಷನ್ ಫೀಸೂ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲೇ ಇಂಥ ಕೆಲಸ ಮಾಡಿದ ಹೆಂಗಸೊಬ್ಬರಿದ್ದರು. ವಿಯೆನ್ನಾದಲ್ಲಿ ಹುಟ್ಟಿದ ಸ್ಕಾರ್ಲೆಟ್ ಎಪ್‌ಸ್ಟೈನ್. 1954ರಿಂದ 56ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು, ಮನೆಮನೆಯ ಆದಾಯ ಖರ್ಚು ಬರೆದುಕೊಂಡರು. ಹಳ್ಳಿಗಳ ಹೆಸರು ಮರೆಸಿ ವಂಗಲ, ದಲೇನ ಎಂದು ಕರೆದರು. ವಂಗಲಕ್ಕೆ ನಾಲೆಯ ನೀರು ಬಂತು, ಕಬ್ಬು ಬಂತು. ದಲೇನದ ಹೊಲಗಳು ನಾಲೆಗಿಂತ ಎತ್ತರದಲ್ಲಿದ್ದವು. ಅಲ್ಲಿಯ ಜನ ನೌಕರಿ, ವ್ಯಾಪಾರ ಹುಡುಕಿಕೊಂಡು ಹೊರಗೆ ಹೋದರು. 1970ರಲ್ಲಿ ಆಕೆ ಮತ್ತೆ ಬಂದಾಗ ಊರಿನ ಸಂಪತ್ತು ಬೆಳೆದಿತ್ತು. ಆದರೆ ಜಮೀನಿದ್ದವರಿಗೂ ಕೂಲಿಯವರಿಗೂ ನಡುವಿನ ಅಂತರವೂ ಬೆಳೆದಿತ್ತು. ಸರಾಸರಿಯನ್ನಷ್ಟೇ ನೋಡಿದ್ದರೆ ಎಲ್ಲರೂ ಏಳಿಗೆಯಾದರೆಂದೇ ಬರೆಯಬೇಕಾಗುತ್ತಿತ್ತು.

2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಹಳ್ಳಿಯ ಮನೆಗಳಲ್ಲಿ ಅತಿ ಹೆಚ್ಚು ದುಡಿಯುವವರ ತಿಂಗಳ ಸಂಪಾದನೆ ಕೇಳಿದ್ದರು. ದೇಶದ ಶೇ. 74ಕ್ಕೂ ಹೆಚ್ಚು ಮನೆಗಳಲ್ಲಿ ಅದು 5000ಕ್ಕಿಂತ ಕಡಿಮೆ. ಮುಕ್ಕಾಲು ಪಾಲು ಮನೆಗಳೇ ಅಲ್ಲಿದ್ದ ಮೇಲೆ ಮಧ್ಯದ ಮನೆಯೂ ಅಲ್ಲೇ ಇದ್ದಿರಬೇಕಲ್ಲವೆ? ಆದರೆ ಹೆಚ್ಚು ದುಡಿಯುವ ಒಬ್ಬರನ್ನಷ್ಟೇ ಕೇಳಿದರೆ ರವಿಕೆ ಹೊಲಿಯುವವಳು ಮತ್ತೆ ಲೆಕ್ಕದಿಂದ ಜಾರುತ್ತಾಳೆ.

ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ತನ್ನ ಸಂಬಳದಲ್ಲೇ ಸಂಸಾರ ತೂಗಿಸಿದೆನೆಂದು ಕೊನೆಯವರೆಗೂ ಹೆಮ್ಮೆಯಿಂದ ಹೇಳುತ್ತಿದ್ದರು. “ಅವರಿಗೆ ಗೊತ್ತಿರಲಿಲ್ಲವೇನಮ್ಮ?” ಎಂದೆ. “ಗೊತ್ತಿಲ್ದೆ ಏನು? ಮೆಷಿನ್ ತಂದುಕೊಟ್ಟೋರೇ ಅವರು” ಎಂದು ನಕ್ಕಳು.

‘ಅವರ ಸಂಬಳ’ದ ಕೆಳಗೆ ‘ಅಮ್ಮನ ಹೊಲಿಗೆ 58’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಅಟ್ಟದ ಮೇಲೂ ಇಂಥದೊಂದು ಪುಸ್ತಕವಿದ್ದರೆ ರದ್ದಿಗೆ ಹಾಕುವ ಮುಂಚೆ ಒಂದು ತಿಂಗಳನ್ನಾದರೂ ಕೂಡಿ ನೋಡಿ.