ಮಂದೆಯ ಟಗರು, ಕಾಳಗದ ಟಗರು

ತುಂಗಭದ್ರೆಯ ಹಿನ್ನೀರಿನ ಅಂಚಿನಲ್ಲಿರುವ ಹಂಪಸಾಗರದಿಂದ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳವರೆಗೆ ಹಬ್ಬಿದ ಮಳೆಯಾಶ್ರಿತ ಸೀಮೆಯಲ್ಲಿ ಕುರಿ ಸಾಕಣೆ ಬೇಸಾಯಕ್ಕೆ ಹೆಗಲೆಣೆಯಾಗಿ ನಡೆದುಬಂದ ಕಸುಬು. ಬಳ್ಳಾರಿ ತಳಿಯೆಂದೇ ಹೆಸರಾದ ಒರಟು ಉಣ್ಣೆಯ ಕುರಿಗಳನ್ನು ಕುರುಬರು ಕಂಬಳಿಗಾಗಿಯೂ ಮಾಂಸಕ್ಕಾಗಿಯೂ ಸಾಕಿದರು. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಮಂದೆಯನ್ನು ತರುಬಿ, ಹೊಲಕ್ಕೆ ಗೊಬ್ಬರ ಒದಗಿಸಿ, ಪ್ರತಿಯಾಗಿ ಕಾಳುಕಡಿ ಪಡೆದರು. ಇದೇ ಮಂದೆಯಿಂದ ಜಾತ್ರೆ, ಹಬ್ಬಗಳ ಟಗರು ಕಾಳಗಕ್ಕೂ ಮರಿಗಳು ಹೋದವು.

ಈ ಕಾಳಗ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ರಚಿಸಿದ ‘ಮಾನಸೋಲ್ಲಾಸ’ವು ಅರಸರ ವಿನೋದಗಳನ್ನು ವಿವರಿಸುವಾಗ ಕೋಳಿ, ಲಾವುಗೆ, ಕೋಣಗಳ ಕಾಳಗದ ಜೊತೆಗೆ ಮೇಷವಿನೋದವನ್ನೂ, ಅಂದರೆ ಟಗರುಗಳ ಕಾಳಗವನ್ನೂ ಹೇಳುತ್ತದೆ. ಆ ಕಾಲದ ‘ಕೋಗಳಿ ಐನೂರು’ ಎಂಬ ನಾಡಿಗೆ ಹೆಸರು ಕೊಟ್ಟ ಕೋಗಳಿಯೂ ಇದೇ ಸೀಮೆಯ, ಇಂದಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲೇ ಇದೆ.

ಕಾಳಗದ ಟಗರಿನ ಸಿಟ್ಟು ಹುಟ್ಟಿನಿಂದ ಬಂದದ್ದೆಂಬ ನಂಬಿಕೆ ಸಾಮಾನ್ಯವಾದರೂ ಅದನ್ನು ಸಾಕುವ ಕ್ರಮವೇ ಬೇರೆ ಮಾತನ್ನು ಹೇಳುತ್ತದೆ. ಹಣೆ, ಕತ್ತು, ಕೊಂಬಿನ ಬುಡ ನೋಡಿ ಆಯ್ದ ಮರಿಯನ್ನು ಎಳೆತನದಲ್ಲೇ ಮಂದೆಯಿಂದ ಬೇರ್ಪಡಿಸಿ, ಗೂಟಕ್ಕೆ ಒಂಟಿಯಾಗಿ ಕಟ್ಟಿ, ಹಾಲು, ಮೊಟ್ಟೆ, ನೆನೆಸಿದ ಹುರುಳಿ ತಿನ್ನಿಸಿ ಬೆಳೆಸುವುದು ವಾಡಿಕೆ. ಕಣದಲ್ಲಿ ಜೋಡಿ ಕಟ್ಟುವುದು ಹಲ್ಲಿನ ಲೆಕ್ಕದಿಂದ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂಬ ವರ್ಗಗಳಿದ್ದು, ಹಾಲುಹಲ್ಲಿನದೆಂದರೆ ಇನ್ನೂ ಹಲ್ಲು ಬದಲಿಸದ ಮರಿ.

ಮಂದೆಯಲ್ಲೇ ಉಳಿದ ಗಂಡುಮರಿಯ ಬಾಲ್ಯವೂ ಸುಖದ್ದಲ್ಲ. ಈದ ಕೆಲವೇ ತಾಸುಗಳಲ್ಲಿ ತಾಯಿಕುರಿ ಮರಿಯನ್ನು ನೆಕ್ಕಿ ಅದರ ವಾಸನೆಯನ್ನು ಗುರುತಿಟ್ಟುಕೊಳ್ಳುವುದರಿಂದ, ಬೇರೆ ಕುರಿಯ ಕೆಚ್ಚಲಿಗೆ ಬಾಯಿ ಹಾಕಿದ ಮರಿಗೆ ಗುದ್ದು ಸಿಗುತ್ತದೆ. ತಬ್ಬಲಿಯಾದರೆ ಮಂದೆಯಲ್ಲಿ ಇಟ್ಟುಕೊಂಡ ಆಡಿನ ಹಾಲೇ ಗತಿ. ದೊಡ್ಡ ಟಗರುಗಳು ತಳ್ಳುತ್ತವೆ, ಮರಿ ಹಿಂದೆ ಸರಿಯುತ್ತದೆ, ಮತ್ತೆ ಅವುಗಳ ಪಕ್ಕದಲ್ಲೇ ಮೇಯುತ್ತದೆ. ಹೀಗೆ ಎಲ್ಲಿ ಎದುರಿಸಬೇಕು, ಎಲ್ಲಿ ಮಣಿಯಬೇಕು ಎಂಬುದನ್ನು ಅದು ಕಲಿಯುತ್ತದೆ.

ಈ ಕಲಿಕೆಯ ತೂಕವೆಷ್ಟೆಂಬುದನ್ನು ಇನ್ನೊಂದು ಗುಂಪುಜೀವಿಯಾದ ಗಿನಿಯಿಲಿಯ ಅಧ್ಯಯನ ಸ್ಪಷ್ಟಪಡಿಸಿದೆ. ಜರ್ಮನಿಯ ನಾರ್ಬರ್ಟ್ ಝಾಕ್ಸರ್ ಮತ್ತು ಸಂಗಡಿಗರು ಗಮನಿಸಿದಂತೆ, ದೊಡ್ಡ ಗುಂಪಿನಲ್ಲಿ ಹಿರಿಯ ಗಂಡುಗಳ ಬೆದರಿಕೆ ಎದುರಿಸುತ್ತ ಪ್ರಾಯಕ್ಕೆ ಬಂದ ಗಂಡುಗಳು ಅಪರಿಚಿತರ ನಡುವೆ ಬಿಟ್ಟಾಗ ಜಗಳವಿಲ್ಲದೆ ಹೊಂದಿಕೊಂಡವು. ಒಂಟಿಯಾಗಿ ಬೆಳೆದವು ಮೇಲೆ ಬಿದ್ದು ಕಾದಾಡಿದವು, ಒತ್ತಡದಲ್ಲಿ ರಕ್ತದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ಹಾರ್ಮೋನು ಅವುಗಳಲ್ಲಿ ಏರಿತು. ಇದು ಎಳೆಯದನ್ನು ಹಿಂಸಿಸಲು ಸಮರ್ಥನೆಯಲ್ಲ, ಏಕೆಂದರೆ ಗುಂಪಿನಲ್ಲಿ ಬೆದರಿದ ಮರಿಗೆ ಸರಿದು ನಿಲ್ಲಲು ಜಾಗವಿರುತ್ತದೆ. ಪಂಜರದ ಮೂಲೆಯಲ್ಲಿ ಸಿಕ್ಕಿಬಿದ್ದ ಸಾಕುಮರಿಗೆ ಆ ಜಾಗವಿಲ್ಲ. ಗಿನಿಯಿಲಿಯ ಫಲಿತಾಂಶವನ್ನು ಕುರಿಗೆ ಇದ್ದಂತೆಯೇ ಅನ್ವಯಿಸಲಾಗದಿದ್ದರೂ, ಒಂಟಿ ಗೂಟದ ಟಗರು ಎದುರಾಳಿಯನ್ನಷ್ಟೇ ಅಲ್ಲದೆ ಮನುಷ್ಯರನ್ನೂ ಗುದ್ದುವುದೇಕೆಂಬುದಕ್ಕೆ ಅದು ದಾರಿ ತೋರಿಸುತ್ತದೆ.

ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಪರಾಧವೆನ್ನುತ್ತದೆ. 2014ರ ಮೇ 7ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಕಾದಾಟದ ಮೇಲಿನ ಈ ನಿಷೇಧವನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣು ಬೀಳುವುದು ಕಣದಲ್ಲಿ ಒಡೆದ ಹಣೆಯ ಮೇಲೆ. ಹಿಂಸೆಯಾದರೋ ಮರಿಯನ್ನು ಮಂದೆಯಿಂದ ಬಿಡಿಸಿ ಗೂಟಕ್ಕೆ ಕಟ್ಟಿದ ದಿನವೇ ಮೊದಲಾಗಿರುತ್ತದೆ, ಅದನ್ನೂ ಅಪರಾಧದ ಲೆಕ್ಕಕ್ಕೆ ಹಿಡಿಯಬೇಕು.